ಕಾದಂಬರಿ ಸಂಜೆಗೆ ಏನು ಕುಡಿಸಬೇಕು, ಏನು ಉಣಿಸಬೇಕು?

ಪ್ರಶ್ನೆ: ನಾವು ಕಲಬುರಗಿಯ 12 ಜನ ಗೆಳೆಯರು. ತಿಂಗಳಿಗೊಮ್ಮೆ ಸೇರಿ ಓದಿದ ಕಾದಂಬರಿಗಳ ಬಗ್ಗೆ ಹರಟುತ್ತೇವೆ. ಈ ಏಪ್ರಿಲ್‌ನಲ್ಲಿ ನಮ್ಮ ಮನೆಯ ಮಾಳಿಗೆ ಮೇಲೆ ಇಷ್ಟದ ಕಥೆಗಳನ್ನು ಇಟ್ಟುಕೊಂಡು ಕಾಕ್‌ಟೇಲ್ ಮತ್ತು ಊಟದ ಸಂಜೆ ಮಾಡಬೇಕು ಅಂತಿದೆ. ಅರ್ಧ ಜನ ಕುಡಿಯುವುದಿಲ್ಲ. ಇಬ್ಬರು ಮಕ್ಕಳನ್ನೂ ಕರೆತರುತ್ತಾರೆ. ಆನ್‌ಲೈನ್ ರೆಸಿಪಿಗಳಲ್ಲಿ ಹೇಳುವ ಬಾಟಲಿಗಳು ಇಲ್ಲಿ ಸಿಗುವುದಿಲ್ಲ. ನಮ್ಮ ಅತ್ತೆಯವರ ಹತ್ತಿರ ಚೆಂದದ ಬಿದರಿ ಬಟ್ಟಲುಗಳಿವೆ, ಅವುಗಳಲ್ಲೇ ಕೊಡುವ ಆಸೆ. ಎಲ್ಲಿಂದ ಶುರು ಮಾಡಲಿ?
ಓದುಗರೊಬ್ಬರು, ಕಲಬುರಗಿ

ಉತ್ತರ:

ಮೊದಲು ಬಟ್ಟಲಿನ ವಿಷಯ ಮುಗಿಸೋಣ. ಬಿದರಿ ಬಟ್ಟಲಿನಲ್ಲಿ ಏನನ್ನೂ ಕುಡಿಯಲು ಕೊಡಬೇಡಿ. ಬಿದರಿ ಸಾಮಾನಿನ ಲೋಹದಲ್ಲಿ ಬಹುಪಾಲು ಸತು. ಸಾಮಾನ್ಯವಾಗಿ 16 ಪಾಲು ಸತುವಿಗೆ 1 ಪಾಲು ತಾಮ್ರ. ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಬೆರೆಸಿದ ನೀರಿನಲ್ಲಿ ಅದ್ದಿದಾಗ ಸತು ಕಪ್ಪಾಗುತ್ತದೆ, ಬೆಳ್ಳಿಯ ಎಳೆಗಳು ಹಾಗೇ ಹೊಳೆಯುತ್ತವೆ. ಕೆಲಸವೇನೋ ಅದ್ಭುತ. ಆದರೆ ಸತುವಿಗೆ ಹುಳಿ ತಾಗಿದರೆ ಅದು ಕರಗಿ ಪಾನೀಯಕ್ಕೆ ಇಳಿಯುತ್ತದೆ. ಹೊಟ್ಟೆ ತೊಳಸುತ್ತದೆ, ವಾಂತಿಯೂ ಆಗಬಹುದು. ನಿಂಬೆ ಇಲ್ಲದ ಕಾಕ್‌ಟೇಲ್ ಎಷ್ಟಿದ್ದಾವು ಹೇಳಿ? ಬಟ್ಟಲಿನ ಕಪ್ಪು ಬಣ್ಣ ಹಾಳಾದರೆ ಅತ್ತೆಯವರಿಗೆ ಉತ್ತರ ಕೊಡಬೇಕಾದವರೂ ನೀವೇ.

ತಾಮ್ರದ ಲೋಟಕ್ಕೂ ಇದೇ ಮಾತು. ರಾಜರ ಕಾಲದ ಕಥೆ ಅಂತ ಎಷ್ಟೋ ಜನ ತಾಮ್ರದ ಲೋಟ ಹುಡುಕುತ್ತಾರೆ. ಒಳಗಡೆ ಸ್ಟೀಲ್ ಲೇಪ ಇದ್ದರೆ ಸರಿ. ಬರಿ ತಾಮ್ರವಾದರೆ ಬರಿ ನೀರಿಗಷ್ಟೇ. ಬಿದರಿಯನ್ನು ತಟ್ಟೆಯಾಗಿ ಬಳಸಿ. ಅದರ ಮೇಲೆ ಗಾಜಿನ ಲೋಟ ಇಡಿ. ಸಂಜೆಯ ದೀಪದಲ್ಲಿ ಕಪ್ಪು ತಟ್ಟೆಯ ಮೇಲೆ ಗಾಜು ಇನ್ನೂ ಚೆನ್ನಾಗಿ ಕಾಣುತ್ತದೆ.

ಇನ್ನು ಕಥೆಗೆ ಬರೋಣ. ಇಂಥ ಸಂಜೆಗಳಲ್ಲಿ ಸಾಮಾನ್ಯವಾಗಿ ಏನಾಗುತ್ತದೆ ಅಂದರೆ, ಮಾಮೂಲಿ ಮೊಹಿಟೊ ಮಾಡುತ್ತಾರೆ, ಅದಕ್ಕೆ ನಾಯಕಿಯ ಹೆಸರಿಡುತ್ತಾರೆ. ಮುಖಪುಟ ಕೆಂಪಗಿದ್ದರೆ ಕೆಂಪು ಶರಬತ್ತು. ಕಥೆಗೂ ಗ್ಲಾಸಿಗೂ ಸಂಬಂಧವೇ ಇರುವುದಿಲ್ಲ. ನೀವು ಹೆಸರು, ಬಣ್ಣ ಎರಡನ್ನೂ ಬದಿಗಿಡಿ. ಕಥೆಯಲ್ಲಿ ಯಾರಾದರೂ ಏನಾದರೂ ತಿನ್ನುವ, ಕುಡಿಯುವ ಪುಟ ಹುಡುಕಿ. ಅದನ್ನು ಯಾರು ಕೊಟ್ಟರು? ಯಾರಿಗೆ? ಅದಾದ ಮೇಲೆ ಏನು ಬದಲಾಯಿತು? ಇದು ಗೊತ್ತಾದರೆ ಪದಾರ್ಥ ಸಿಗದಿದ್ದರೂ ಚಿಂತೆಯಿಲ್ಲ. ಕಥೆಯಲ್ಲಿ ಆ ತಿನಿಸು ಮಾಡುವ ಕೆಲಸವನ್ನು ನಮ್ಮೂರಿನ ಯಾವ ಪದಾರ್ಥ ಮಾಡುತ್ತದೆ ಅಂತ ಕೇಳಿಕೊಂಡರೆ ಸಾಕು. ಸೂಪರ್ ಮಾರ್ಕೆಟ್ ಸುತ್ತಿದರೆ ಮುಕ್ಕಾಲು ಪಾಲು ಅಲ್ಲೇ ಸಿಗುತ್ತದೆ.

ಹತ್ತಿರದ್ದೇ ಒಂದು ಉದಾಹರಣೆ ತೆಗೆದುಕೊಳ್ಳಿ. ಯಾದಗಿರಿ ಜಿಲ್ಲೆಯ ಸುರಪುರಕ್ಕೆ ಹೋದವರು ಗುಡ್ಡದ ಮೇಲಿನ ಟೇಲರ್ ಮಂಜಿಲ್ ನೋಡಿರುತ್ತೀರಿ. ಅದನ್ನು ಕಟ್ಟಿಸಿದ ಫಿಲಿಪ್ ಮೆಡೋಸ್ ಟೇಲರ್ 1840ರ ದಶಕದಲ್ಲಿ ಸುರಪುರ ಸಂಸ್ಥಾನದ ಉಸ್ತುವಾರಿಗೆ ಬಂದ ಅಧಿಕಾರಿ. ಬರುವ ಮೊದಲೇ, 1839ರಲ್ಲಿ, ಅವನ 'ಕನ್ಫೆಷನ್ಸ್ ಆಫ್ ಎ ಥಗ್' ಕಾದಂಬರಿ ಇಂಗ್ಲೆಂಡಿನಲ್ಲಿ ಭಾರೀ ಹೆಸರು ಮಾಡಿತ್ತು. ದಾರಿಹೋಕರ ಜೊತೆ ಸ್ನೇಹ ಬೆಳೆಸಿ, ಆಮೇಲೆ ಕರವಸ್ತ್ರದಿಂದ ಕುತ್ತಿಗೆ ಬಿಗಿಯುವ ಥಗ್ಗರ ಕಥೆ ಅದು. ಅದರಲ್ಲಿ ಕಥೆ ಹೇಳುವ ಅಮೀರ್ ಅಲಿ ಥಗ್ಗರ ಗುಂಪಿಗೆ ಸೇರುವಾಗ ಪೂಜೆ ಮಾಡಿದ ಬೆಲ್ಲ ತಿನ್ನುತ್ತಾನೆ. ಆ ಬೆಲ್ಲ ತಿಂದವನು ಮತ್ತೆ ಬೇರೆ ಯಾರೂ ಆಗಲಾರ ಅನ್ನುವುದು ಥಗ್ಗರ ನಂಬಿಕೆ.

ಈಗ ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಕೊಡುವುದೇನು? ಬೆಲ್ಲ, ನೀರು. ಇದಕ್ಕಿಂತ ಒಳ್ಳೆಯ ಶುರು ಬೇಕಾ? ಒಬ್ಬೊಬ್ಬರೂ ಮೆಟ್ಟಿಲು ಹತ್ತಿ ಬರುತ್ತಿದ್ದಂತೆ ಒಂದು ಚೂರು ಬೆಲ್ಲ, ಒಂದು ಲೋಟ ತಣ್ಣೀರು ಕೊಡಿ. ಏನೂ ಹೇಳಬೇಡಿ. ಎಲ್ಲರೂ ತಿಂದು ಮುಗಿಸಿದ ಮೇಲೆ ಆ ಪುಟ ಓದಿ. ಇದಕ್ಕೆ ಖರ್ಚಿಲ್ಲ, ಮದ್ಯವಿಲ್ಲ, ಮಕ್ಕಳೂ ಸೇರಬಹುದು. ಅಂದ ಹಾಗೆ, ಮಿಕ್ಕ ಬೆಲ್ಲವನ್ನು ಸಮ ತೂಕದ ನೀರಿನಲ್ಲಿ ಕುದಿಸಿ, ತೆಳು ಬಟ್ಟೆಯಲ್ಲಿ ಸೋಸಿ ಬಾಟಲಿಗೆ ತುಂಬಿಡಿ. ಸೋಸದಿದ್ದರೆ ಮರಳು ಹಲ್ಲಿಗೆ ಸಿಗುತ್ತದೆ. ಮುಂದಿನ ಗ್ಲಾಸುಗಳಿಗೆ ಈ ಬೆಲ್ಲದ ಪಾಕ ಬೇಕಾಗುತ್ತದೆ.

ಎರಡನೆಯದು ಬಾಳೆಹಣ್ಣು. ಅನಂತಮೂರ್ತಿಯವರ 'ಸಂಸ್ಕಾರ' (1965) ನಿಮ್ಮ ಬಳಗದಲ್ಲಿ ಓದದವರು ಇರಲಿಕ್ಕಿಲ್ಲ. ಅದರಲ್ಲಿ ನಾರಣಪ್ಪನ ಕುಡಿತ ಇದೆ ಅಂತ ಜನ ಸೀದಾ ಬಾಟಲಿಗೆ ಕೈಹಾಕುತ್ತಾರೆ. ನನಗೆ ಅದಕ್ಕಿಂತ ಅಲ್ಲಿನ ಹಸಿವು ದೊಡ್ಡದಾಗಿ ಕಾಣುತ್ತದೆ. ಸತ್ತ ನಾರಣಪ್ಪನ ಹೆಣದ ಸಂಸ್ಕಾರ ಆಗುವ ತನಕ ಇಡೀ ಅಗ್ರಹಾರ ಉಣ್ಣುವಂತಿಲ್ಲ. ಎಲ್ಲರ ಹೊಟ್ಟೆಯೂ ಕಾದಿದೆ. ಕಾಡಿನ ಕತ್ತಲಲ್ಲಿ ಅಗ್ರಹಾರದ ಹಿರಿಯ ಪಂಡಿತ ಪ್ರಾಣೇಶಾಚಾರ್ಯರಿಗೆ ನಾರಣಪ್ಪನ ಜೊತೆಗಿದ್ದ ಚಂದ್ರಿ ಬಾಳೆಹಣ್ಣು ತಿನ್ನಿಸುತ್ತಾಳೆ. ಕಥೆ ತಿರುಗುವುದು ಅಲ್ಲೇ.

ಬಾಳೆಹಣ್ಣಿಗೆ ನಾವು ದೂರ ಹೋಗಬೇಕಿಲ್ಲ. ಕಮಲಾಪುರದ ಕೆಂಪು ಬಾಳೆ ನಮ್ಮ ಜಿಲ್ಲೆಯದೇ, ಅದಕ್ಕೆ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ಇದೆ. ಸಿಪ್ಪೆ ಕೆಂಪು, ಒಳಗೆ ಕೆನೆ ಬಣ್ಣ, ಪರಿಮಳ ಬೇರೆ ಬಾಳೆಗಿಂತ ಜಾಸ್ತಿ. ಬೆಲೆಯೂ ಜಾಸ್ತಿ, ಅದು ಬೇರೆ ಮಾತು. ಹಣ್ಣು ಮುಟ್ಟಿದರೆ ಮೆತ್ತಗಿರಬೇಕು, ಸಿಪ್ಪೆಯ ಮೇಲೆ ಅಲ್ಲಲ್ಲಿ ಕಪ್ಪು ಚುಕ್ಕೆ ಬಂದಿರಬೇಕು. ಗಟ್ಟಿ ಇದ್ದರೆ ಒಗರು.

ನನ್ನ ಸಲಹೆ ಕೇಳಿದರೆ, ಇದನ್ನು ಗ್ಲಾಸಿಗೆ ಹಾಕಲೇಬೇಡಿ. ಊಟವನ್ನು ಬೇಕಂತಲೇ ಸ್ವಲ್ಪ ತಡ ಮಾಡಿ. ಮಿರ್ಚಿ ಕರಿಯುವ ವಾಸನೆ ಬರುತ್ತಿರಲಿ, ಆದರೆ ಯಾರಿಗೂ ಏನೂ ಕೊಡಬೇಡಿ. ಹೊಟ್ಟೆ ಚುರುಗುಟ್ಟುವ ಹೊತ್ತಿಗೆ ಒಬ್ಬೊಬ್ಬರ ಕೈಗೂ ಒಂದು ಬಾಳೆಹಣ್ಣು ಕೊಡಿ. ತಟ್ಟೆ ಬೇಡ, ಚಮಚ ಬೇಡ. ಇದರಲ್ಲಿ ಇನ್ನೊಂದು ಲಾಭವೂ ಇದೆ. ಖಾಲಿ ಹೊಟ್ಟೆಗೆ ಮದ್ಯ ಹೋದರೆ ಬೇಗ ರಕ್ತಕ್ಕೆ ಸೇರುತ್ತದೆ. ಹೊಟ್ಟೆಯಲ್ಲಿ ಏನಾದರೂ ಇದ್ದರೆ ನಿಧಾನ.

ಇಲ್ಲ, ಗ್ಲಾಸೇ ಬೇಕು ಅನ್ನುವವರಿದ್ದರೆ ಹೀಗೆ ಮಾಡಿ. ಒಂದು ಕೆಂಪು ಬಾಳೆ, 60 ಮಿಲಿ ಡಾರ್ಕ್ ರಮ್, 20 ಮಿಲಿ ನಿಂಬೆರಸ, 15 ಮಿಲಿ ಬೆಲ್ಲದ ಪಾಕ, ಒಂದು ಹಿಡಿ ಐಸ್. ಮಿಕ್ಸಿಯಲ್ಲಿ ನುಣ್ಣಗೆ ಮಾಡಿದರೆ ಎರಡು ಸಣ್ಣ ಗ್ಲಾಸ್ ಆಗುತ್ತದೆ. ನಿಂಬೆ ಹಾಕಿದರೆ ಬಾಳೆ ಬೇಗ ಕಪ್ಪಾಗುವುದಿಲ್ಲ. ಕುಡಿಯದವರಿಗೆ ರಮ್ ಜಾಗದಲ್ಲಿ ಅಷ್ಟೇ ತೆಳು ತೆಂಗಿನಹಾಲು, ಒಂದು ಚಿಟಿಕೆ ಏಲಕ್ಕಿ. ಎರಡನ್ನೂ ಒಂದೇ ಥರದ ಗ್ಲಾಸಿನಲ್ಲಿ ಕೊಡಿ, ಆದರೆ ರಮ್ ಇರುವುದಕ್ಕೆ ಗುರುತು ಮಾಡಿ. ಕುಡಿಯದವರ ಕೈಗೆ ಬಾಟಲಿ ಜ್ಯೂಸ್ ಕೊಟ್ಟು ಕೂರಿಸುವುದು ಸರಿಯಲ್ಲ. ಅವರೂ ಅದೇ ಕಥೆ ಓದಿ ಬಂದಿರುತ್ತಾರೆ ಅಲ್ವಾ?

ನಿಮ್ಮ ಬಳಗದಲ್ಲಿ ಪತ್ತೇದಾರಿ, ಗೂಢಚಾರಿ ಕಥೆ ಇಷ್ಟಪಡುವವರು ಯಾರಾದರೂ ಇದ್ದೇ ಇರುತ್ತಾರೆ. ಅವರು ಜೇಮ್ಸ್ ಬಾಂಡ್ ಕುಡಿದದ್ದನ್ನೇ ಕೇಳುತ್ತಾರೆ. 1953ರ 'ಕ್ಯಾಸಿನೊ ರಾಯಲ್'ನಲ್ಲಿ ಅವನು ಬಾರ್‌ನವನಿಗೆ ಹೇಳುವ ಲೆಕ್ಕ ಇದು: ಮೂರು ಅಳತೆ ಗಾರ್ಡನ್ಸ್ ಜಿನ್, ಒಂದು ಅಳತೆ ವೊಡ್ಕಾ, ಅರ್ಧ ಅಳತೆ ಕೀನಾ ಲಿಲೆ. ಚೆನ್ನಾಗಿ ತಣ್ಣಗಾಗುವ ತನಕ ಕುಲುಕಿ, ಮೇಲೆ ನಿಂಬೆ ಸಿಪ್ಪೆಯ ತೆಳು ಹೋಳು. ಈಗ ನಮ್ಮ ಸ್ಮಾಲ್ ಪೆಗ್ 30 ಮಿಲಿಯನ್ನು ಒಂದು ಅಳತೆ ಅಂದುಕೊಳ್ಳಿ. ಒಟ್ಟು 135 ಮಿಲಿ, ಅದರಲ್ಲಿ ಜಿನ್ ಮತ್ತು ವೊಡ್ಕಾ ಸೇರಿಯೇ 120. ಅಂದರೆ ಒಂದೇ ಗ್ಲಾಸಿನಲ್ಲಿ ಎರಡು ಲಾರ್ಜ್! ಬಾಂಡ್‌ಗೆ ಮರುದಿನ ಆಫೀಸಿಲ್ಲ, ನಿಮ್ಮ ಗೆಳೆಯರಿಗಿದೆ. ಮೂರನೇ ಒಂದು ಭಾಗ ಮಾಡಿ: 30 ಜಿನ್, 10 ವೊಡ್ಕಾ, 5 ಮೂರನೆಯದು.

ಆ ಮೂರನೆಯದೇ ತೊಂದರೆ. ಕೀನಾ ಲಿಲೆ ಅನ್ನುವುದು ಕಿತ್ತಳೆ ಸಿಪ್ಪೆ ಮತ್ತು ಕ್ವಿನೈನ್ ಕಹಿ ಸೇರಿಸಿದ ಫ್ರೆಂಚ್ ವೈನ್. 1986ರಲ್ಲಿ ಕಂಪನಿಯವರೇ ಅದರ ಕಹಿ ಇಳಿಸಿ ರುಚಿ ಬದಲಿಸಿದರು. ಹಾಗಾಗಿ ಬಾಂಡ್ ಕುಡಿದದ್ದು ಇವತ್ತು ಲಂಡನ್ನಿನಲ್ಲೂ ಸಿಗುವುದಿಲ್ಲ, ಕಲಬುರಗಿಯಲ್ಲಿ ಸಿಗಲಿಲ್ಲ ಅಂತ ಬೇಜಾರು ಬೇಡ. ಆದರೆ ಕಹಿಯನ್ನು ಬಿಡಬಾರದು. ಬಾಂಡ್ ಈ ಪಾನೀಯಕ್ಕೆ ವೆಸ್ಪರ್ ಅನ್ನುವ ಹೆಣ್ಣಿನ ಹೆಸರಿಡುತ್ತಾನೆ. ಕೊನೆಗೆ ಅವಳೇ ಅವನಿಗೆ ಮೋಸ ಮಾಡಿದ್ದಾಳೆ ಅಂತ ಗೊತ್ತಾಗುತ್ತದೆ, ಅಷ್ಟರಲ್ಲಿ ಅವಳು ಸತ್ತಿರುತ್ತಾಳೆ. ನಾಲಿಗೆಯ ಕೊನೆಯಲ್ಲಿ ಕಹಿ ಉಳಿಯದಿದ್ದರೆ ಅದು ಸುಮ್ನೆ ಜಿನ್.

ಏಪ್ರಿಲ್ ಅಂದರೆ ಯುಗಾದಿಯ ಆಸುಪಾಸು. ಬೇವು ಹೂ ಬಿಟ್ಟಿರುತ್ತದೆ. ಒಣಗಿಸಿದ ಬೇವಿನ ಹೂ ಒಂದು ಚಿಟಿಕೆ, ಕಿತ್ತಳೆ ಅಥವಾ ಮೋಸಂಬಿ ಸಿಪ್ಪೆಯ ಒಂದು ಪಟ್ಟಿ, ಇವೆರಡನ್ನೂ 100 ಮಿಲಿ ಡ್ರೈ ವರ್ಮುತ್‌ನಲ್ಲಿ (ಗಿಡಮೂಲಿಕೆ ಸೇರಿಸಿದ, ಸಿಹಿ ಕಡಿಮೆಯ ವೈನ್) ಹಾಕಿಡಿ. ವರ್ಮುತ್ ಸಿಗದಿದ್ದರೆ ಸಿಹಿ ಇಲ್ಲದ ಬಿಳಿ ವೈನ್ ಸಾಕು. ಹತ್ತು ನಿಮಿಷಕ್ಕೆ ಒಮ್ಮೆ ರುಚಿ ನೋಡಿ, ಕಹಿ ಹಿಡಿದ ತಕ್ಷಣ ಸೋಸಿ. ಮರೆತರೆ ಬಾಯಿಗಿಡಲು ಆಗುವುದಿಲ್ಲ. ಕುಡಿಯದವರಿಗೆ ಇದೇ ಹೂವನ್ನು ತಣ್ಣನೆಯ ಟಾನಿಕ್ ವಾಟರ್‌ನಲ್ಲಿ ಒಂದೆರಡು ನಿಮಿಷ ಬಿಟ್ಟು ಸೋಸಿ, ನಿಂಬೆ ಸಿಪ್ಪೆ ಹಾಕಿ ಕೊಡಿ. ಟಾನಿಕ್‌ನಲ್ಲಿ ಕ್ವಿನೈನ್ ಇದ್ದೇ ಇದೆ. ನಿಜ ಹೇಳಬೇಕೆಂದರೆ, ಇದು ಮೂಲಕ್ಕೆ ಮದ್ಯದ ಗ್ಲಾಸಿಗಿಂತ ಹತ್ತಿರ ಬರುತ್ತದೆ.

ಬಿಸಿಲಿನ ಕಥೆ ಬೇಕಾದರೆ 'ದಿ ಗ್ರೇಟ್ ಗ್ಯಾಟ್ಸ್‌ಬಿ' (1925) ತೆಗೆದುಕೊಳ್ಳಿ. ಬೇಸಿಗೆಯಲ್ಲೇ ಅತಿ ಸೆಕೆಯ ದಿನ, ಎಲ್ಲರೂ ಒಂದೇ ಮನೆಯಲ್ಲಿ ಸೇರಿದ್ದಾರೆ, ಮನಸ್ಸುಗಳು ಕುದಿಯುತ್ತಿವೆ. ಆಗ ಟಾಮ್ ಐಸ್ ತುಂಬಿದ ಜಿನ್ ರಿಕಿ ತರುತ್ತಾನೆ. ಅಮೆರಿಕದಲ್ಲಿ ಮದ್ಯ ನಿಷೇಧವಿದ್ದ ಕಾಲ ಅದು, 1920ರಿಂದ 1933ರವರೆಗೆ. ಆದರೂ ಶ್ರೀಮಂತರ ಮನೆಯಲ್ಲಿ ಬರ ಇರಲಿಲ್ಲ. ರಿಕಿಗೆ 60 ಮಿಲಿ ಜಿನ್, ಅರ್ಧ ನಿಂಬೆ, ಉದ್ದ ಗ್ಲಾಸು, ತುಂಬ ಐಸ್, ಮೇಲೆ ಸೋಡಾ. ಸಕ್ಕರೆ ಹಾಕುವುದಿಲ್ಲ. ಹಾಗಾಗಿಯೇ ಕಲಬುರಗಿಯ ಏಪ್ರಿಲ್‌ಗೆ ಇದಕ್ಕಿಂತ ಸರಿಯಾದದ್ದು ನನಗೆ ಕಾಣುವುದಿಲ್ಲ. ಸಿಹಿ ಪಾನೀಯ ಬಾಯಾರಿಕೆ ತಣಿಸುವುದಿಲ್ಲ.

ಜಿನ್ ಇಲ್ಲದ ರಿಕಿಗೂ ದಾರಿ ಇದೆ. ಜಿನ್‌ನ ಪರಿಮಳ ಜುನಿಪರ್ ಕಾಯಿಯದು. ಅದರ ನಂತರದ ಸ್ಥಾನ ನಮ್ಮ ಕೊತ್ತಂಬರಿ ಬೀಜದ್ದು. ಎರಡು ಚಮಚ ಕೊತ್ತಂಬರಿ ಬೀಜವನ್ನು ಜಜ್ಜಿ, ಅರ್ಧ ಲೀಟರ್ ಬಿಸಿನೀರಿಗೆ ನಿಂಬೆ ಸಿಪ್ಪೆಯ ಜೊತೆ ಹಾಕಿ, 20 ನಿಮಿಷ ಬಿಟ್ಟು ಸೋಸಿ ತಣ್ಣಗಿಡಿ. ಜಿನ್ ಜಾಗದಲ್ಲಿ ಇದನ್ನೇ 60 ಮಿಲಿ ಹಾಕಿ, ಚೂರು ಉಪ್ಪು ಸೇರಿಸಿ. ಗೋಲಿ ಸೋಡಾ ಸಿಕ್ಕರೆ ಇನ್ನೂ ಚೆಂದ.

ಈಗ ಸ್ವಲ್ಪ ಸೂಕ್ಷ್ಮದ ವಿಷಯ. ಕನ್ನಡ ಕಾದಂಬರಿ ಮತ್ತು ಮದ್ಯ ಅಂದರೆ ಯಾರಾದರೂ 'ಚೋಮನ ದುಡಿ' (1933) ಹೆಸರು ಹೇಳುತ್ತಾರೆ, ಕಳ್ಳು ತರೋಣ ಅನ್ನುತ್ತಾರೆ. ಬೇಡ. ನಮ್ಮ ಕಡೆ ಸೇಂದಿ, ಅಂದರೆ ಈಚಲು ಕಳ್ಳು, ಮಾರಲು ಅನುಮತಿಯೇ ಇಲ್ಲ. ಕದ್ದುಮುಚ್ಚಿ ಸಿಗುವುದರಲ್ಲಿ ಈಚಲು ರಸ ಎಷ್ಟಿರುತ್ತದೋ ದೇವರೇ ಬಲ್ಲ. ಸಿ.ಎಚ್. ಪೌಡರ್ ಅಂತ ಕರೆಯುವ ಕ್ಲೋರಲ್ ಹೈಡ್ರೇಟ್ ಬೆರೆಸಿರುವ ಅಪಾಯ ಇದೆ. ಅದು ನಿದ್ರೆ ಬರಿಸುವ ರಾಸಾಯನಿಕ, ಜಾಸ್ತಿಯಾದರೆ ಉಸಿರೇ ನಿಲ್ಲಬಹುದು. ಪ್ರಯೋಗಕ್ಕೆ ಅಂತಲೂ ಮುಟ್ಟಬೇಡಿ.

ರುಚಿ ಮಾತ್ರ ಬೇಕು ಅಂದರೆ ಗಟ್ಟಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿ. ಕೆಳಗೆ ಇಳಿಯುವ ಹುಳಿ ತಿಳಿಯನ್ನು ಹಿಡಿದುಕೊಳ್ಳಿ. 150 ಮಿಲಿ ಎಳನೀರಿಗೆ 40 ಮಿಲಿ ಈ ತಿಳಿ, ಒಂದು ಚಮಚ ತಾಳೆಬೆಲ್ಲದ ಪುಡಿ, ಮೇಲೆ ಒಂದಿಷ್ಟು ಸೋಡಾ. ಮಸುಕು ಬಣ್ಣ, ಸಣ್ಣ ಹುಳಿ, ಸಣ್ಣ ಸಿಹಿ, ನಾಲಿಗೆಗೆ ಚುರುಕು. ಎಳೆಯ ಕಳ್ಳಿನ ರುಚಿಗೆ ಸಾಕಷ್ಟು ಹತ್ತಿರ.

ಆದರೂ ಒಂದು ಮಾತು ಹೇಳಲೇಬೇಕು. ಚೋಮ ಕುಡಿಯುವುದು ಮೋಜಿಗಲ್ಲ. ಉಳಲು ತುಂಡು ಭೂಮಿ ಸಿಗದೆ, ಸಾಲ ತೀರದೆ, ಮಕ್ಕಳನ್ನು ಕಳೆದುಕೊಂಡು ಕುಡಿಯುತ್ತಾನೆ. ಅವನ ಗಡಿಗೆಯನ್ನು ಮೆನುವಿನಲ್ಲಿ ಹಾಕಿ, ಪುಟ್ಟ ಛತ್ರಿ ಸಿಕ್ಕಿಸಿ ಕೊಟ್ಟರೆ ನನಗಂತೂ ಗಂಟಲಲ್ಲಿ ಇಳಿಯುವುದಿಲ್ಲ. ಆ ಪುಸ್ತಕವನ್ನು ಬೇರೆ ತಿಂಗಳು ಚರ್ಚೆಗೆ ಇಟ್ಟುಕೊಳ್ಳಿ. ಗೀತಾ ನಾಗಭೂಷಣ ಅವರ ಕಾದಂಬರಿಗಳಿಗೂ ಇದೇ ಎಚ್ಚರ ಬೇಕು. ಅವರು ನಮ್ಮ ಸಾವಳಗಿಯಲ್ಲಿ ಹುಟ್ಟಿದವರು, 'ಬದುಕು' ಕಾದಂಬರಿಗೆ 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರು. ಕಲಬುರಗಿಯಲ್ಲಿ ಕಾದಂಬರಿ ಸಂಜೆ ಮಾಡಿ ಅವರನ್ನು ಬಿಡುವುದು ಹೇಗೆ? ಬಿಡಬೇಡಿ. ಜೋಳದ ರೊಟ್ಟಿ, ಹಸಿಮೆಣಸಿನ ಖಾರ, ಜಜ್ಜಿದ ಉಳ್ಳಾಗಡ್ಡಿ, ಶೇಂಗಾ ಹಿಂಡಿ ಇವನ್ನು ಊಟವಾಗಿಯೇ ಬಡಿಸಿ, ಹೊಟ್ಟೆ ತುಂಬ. ಬಡವರ ಊಟವನ್ನು ಬೆರಳಗಲ ಕತ್ತರಿಸಿ ಸ್ಟಾರ್ಟರ್ ಮಾಡಬೇಡಿ.

ಕಲ್ಯಾಣದ ಶರಣರ ಬಗ್ಗೆ ಬಂದ ನಾಟಕ, ಕಾದಂಬರಿಗಳನ್ನು ಯಾರಾದರೂ ಆಯ್ದರೆ ಅಲ್ಲಿಗೆ ಮದ್ಯ ತರಬೇಡಿ. ಬಸವಕಲ್ಯಾಣ ನಮ್ಮ ಪಕ್ಕದಲ್ಲೇ ಇದೆ, ನಂಬುವ ಜನ ನಿಮ್ಮ ಮಾಳಿಗೆಯ ಮೇಲೂ ಇರುತ್ತಾರೆ. ಮಾದಾರ ಚೆನ್ನಯ್ಯನ ಅಂಬಲಿಯನ್ನು ಶಿವ ಉಂಡ ಅನ್ನುವ ಕಥೆ ಎಲ್ಲರಿಗೂ ಗೊತ್ತು. ಹಿಂದಿನ ರಾತ್ರಿ ಹುಳಿ ಬರಿಸಿದ ಜೋಳದ ಅಂಬಲಿ, ಮಜ್ಜಿಗೆ, ಜಜ್ಜಿದ ಬಳ್ಳೊಳ್ಳಿ, ಉಪ್ಪು. ಸೆಕೆಗೂ ಒಳ್ಳೆಯದು. ಎಳ್ಳು ಅಮಾವಾಸ್ಯೆಗೆ ಹೊಲಕ್ಕೆ ಒಯ್ಯುವ ಅಂಬಲಿ ಮಾಡಿ ಗೊತ್ತಿದ್ದವರಿಗೆ ನಾನು ಹೇಳಿಕೊಡಬೇಕಾದ್ದು ಏನೂ ಇಲ್ಲ.

ಊಟದ ನಡುವೆ ಒಂದು ತಿನಿಸನ್ನು ಕಥೆಯಿಂದ ತರಬೇಕು ಅಂದರೆ ನಾನು ವಿವೇಕ ಶಾನಭಾಗ ಅವರ 'ಘಾಚರ್ ಘೋಚರ್' ಆರಿಸುತ್ತೇನೆ. ಜನಕ್ಕೆ ಅದರ ಕಾಫಿ ಹೌಸ್ ಮತ್ತು ವೇಟರ್ ವಿನ್ಸೆಂಟ್ ಜಾಸ್ತಿ ನೆನಪು. ಕೊನೆಗೆ ಕಾಫಿ ಕೊಡಿ, ತಪ್ಪಿಲ್ಲ. ಆದರೆ ನನ್ನನ್ನು ಕಾಡುವುದು ಕಥೆ ಹೇಳುವವನ ಚಿಕ್ಕಪ್ಪನನ್ನು ಹುಡುಕಿಕೊಂಡು ಮನೆ ಬಾಗಿಲಿಗೆ ಬರುವ ಹೆಂಗಸು. ಅವನಿಗೆ ಇಷ್ಟ ಅಂತ ಮಸೂರ್ ಬೇಳೆಯ ಅಡುಗೆ ಮಾಡಿ ತಂದಿರುತ್ತಾಳೆ. ಮನೆಯವರು ಬೈದು ಅಟ್ಟುತ್ತಾರೆ. ಅಷ್ಟೊತ್ತಿಗೆ ಆ ಮನೆಯ ಜನ ಎಂಥವರು ಅನ್ನುವುದು ನಮಗೆ ಪೂರ್ತಿ ತಿಳಿದುಬಿಡುತ್ತದೆ.

ತೊಗರಿಯ ನಾಡಿನಲ್ಲಿ ಕೂತು ಮಸೂರ್ ಬೇಳೆ ಬಡಿಸುವುದು ಎಂದರೆ ನೆಂಟರು ಮುಖ ನೋಡಿಯಾರು. ನಮ್ಮ ತೊಗರಿ ಬೇಳೆಗೆ 2019ರಲ್ಲಿ ಜಿಐ ಬೇರೆ ಬಂದಿದೆ. ಆದರೂ ಇಲ್ಲಿ ಬೇಳೆ ಬದಲಿಸಬೇಡಿ. ಆ ಮನೆಗೆ ಅದು ಹೊರಗಿನಿಂದ ಬಂದ ಅಡುಗೆ. ನಿಮ್ಮ ಮಾಳಿಗೆಗೂ ಅದು ಹೊರಗಿನದೇ ಆಗಿರಲಿ. ಮಸೂರ್ ಬೇಳೆ ನೆನೆಸದೆಯೇ 20 ನಿಮಿಷದೊಳಗೆ ಬೇಯುತ್ತದೆ. ಉಳ್ಳಾಗಡ್ಡಿ, ಟೊಮೆಟೊ, ಅರಿಷಿಣ ಹಾಕಿ ತೆಳ್ಳಗೆ ಬೇಯಿಸಿ. ತುಪ್ಪದಲ್ಲಿ ಜೀರಿಗೆ, ಬಳ್ಳೊಳ್ಳಿ, ಒಣಮೆಣಸಿನಕಾಯಿಯ ಒಗ್ಗರಣೆಯನ್ನು ಮಾಳಿಗೆ ಮೇಲೆಯೇ, ಎಲ್ಲರ ಎದುರಿಗೆ ಕೊಡಿ. ಮುಚ್ಚಿದ ಡಬ್ಬಿಯಲ್ಲಿ ಬಡಿಸಿದರೆ ಮುಚ್ಚಳ ತೆಗೆಯುವಾಗ ಒಬ್ಬರಾದರೂ ಆ ಹೆಂಗಸಿನ ಮಾತು ಎತ್ತುತ್ತಾರೆ. ರೊಟ್ಟಿ, ಎಣ್ಣೆಗಾಯಿ ಜೊತೆ ಚೆನ್ನಾಗಿ ಹೋಗುತ್ತದೆ.

ತೇಜಸ್ವಿಯವರ 'ಕರ್ವಾಲೊ'ಗೆ ಜೇನು ಬಿಟ್ಟು ಬೇರೆ ಯೋಚಿಸಬೇಡಿ, ಕಥೆ ಶುರುವಾಗುವುದೇ ಜೇನಿನಿಂದ. ಎರಡು ಪಾಲು ಜೇನಿಗೆ ಒಂದು ಪಾಲು ಬೆಚ್ಚನೆಯ ನೀರು ಬೆರೆಸಿಡಿ, ಇಲ್ಲದಿದ್ದರೆ ಐಸ್ ತಾಗಿದ ಕೂಡಲೇ ಜೇನು ತಳದಲ್ಲಿ ಕಚ್ಚಿಕೊಳ್ಳುತ್ತದೆ. ಈ ಪಾಕ 20 ಮಿಲಿ, ನಿಂಬೆ 20 ಮಿಲಿ, ಶುಂಠಿ ರಸ ಒಂದು ಚಮಚ, ಜೊತೆಗೆ 60 ಮಿಲಿ ವಿಸ್ಕಿ ಅಥವಾ ತಣ್ಣನೆಯ ಸ್ಟ್ರಾಂಗ್ ಕಪ್ಪು ಚಹಾ. ಬರುವ ಮಕ್ಕಳಲ್ಲಿ ಒಂದು ವರ್ಷದೊಳಗಿನ ಕೂಸು ಇದ್ದರೆ ಅದಕ್ಕೆ ಜೇನು ನೆಕ್ಕಿಸಬೇಡಿ.

ಮಕ್ಕಳ ಪಾಲಿಗೆ 'ಆಲಿಸ್ ಇನ್ ವಂಡರ್‌ಲ್ಯಾಂಡ್' (1865) ಇದೆಯಲ್ಲ. 'ನನ್ನನ್ನು ಕುಡಿ' ಅಂತ ಚೀಟಿ ಅಂಟಿಸಿದ ಬಾಟಲಿ ನೆನಪಿರಬಹುದು. ಅದರ ರುಚಿ ಏನೇನಿತ್ತು ಅಂತ ಕಥೆಯಲ್ಲೇ ಪಟ್ಟಿ ಇದೆ: ಚೆರಿ ಟಾರ್ಟ್, ಕಸ್ಟರ್ಡ್, ಅನಾನಸ್, ಹುರಿದ ಟರ್ಕಿ ಕೋಳಿ, ಟಾಫಿ, ಬೆಣ್ಣೆ ಸವರಿದ ಬಿಸಿ ಟೋಸ್ಟ್. ಕೋಳಿ ಬಿಡಿ. ಸಣ್ಣ ಬಾಟಲಿಯಲ್ಲಿ ತಳಕ್ಕೆ ಕರಗಿಸಿದ ಟಾಫಿ, ಮೇಲೆ ತೆಳು ಕಸ್ಟರ್ಡ್, ಅದರ ಮೇಲೆ ಬೇಯಿಸಿ ತಣಿಸಿದ ಅನಾನಸ್ ತುಂಡು, ತುದಿಗೊಂದು ಚೆರಿ. ಅನಾನಸ್ ಹಸಿಯಾಗಿ ಹಾಕಿದರೆ ಹಾಲು ಕಹಿಯಾಗುತ್ತದೆ. ಪಕ್ಕದಲ್ಲಿ ಬೆಣ್ಣೆ ಹಚ್ಚಿ ಕಾಯಿಸಿದ ಬ್ರೆಡ್. ಕುಡಿಯುವ ಮೊದಲು ಆಲಿಸ್ ಬಾಟಲಿಯ ಮೇಲೆ 'ವಿಷ' ಅಂತ ಬರೆದಿದೆಯಾ ಅಂತ ನೋಡುತ್ತಾಳೆ. ಅವಳ ಬುದ್ಧಿ ನಿಮಗೂ ಇರಲಿ. ಮಕ್ಕಳ ಜಗ್‌ಗಳಿಗೆ ಬೇರೆ ಮೇಜು, ಬೇರೆ ಬಣ್ಣದ ಲೋಟ. ರಮ್ ಹಾಕಿದ ಬಾಳೆ ಪಾನೀಯ ನೋಡಲು ಮಿಲ್ಕ್‌ಶೇಕ್ ಥರವೇ ಇರುತ್ತದೆ, ಮರೆಯಬೇಡಿ.

ಮಕ್ಕಳಿಗೇ ಇನ್ನೊಂದು. ನಾರ್ನಿಯಾ ಕಥೆಯಲ್ಲಿ ಬಿಳಿ ಮಾಟಗಾತಿ ಎಡ್ಮಂಡ್‌ಗೆ ಟರ್ಕಿಶ್ ಡಿಲೈಟ್ ತಿನ್ನಿಸಿ ಬಲೆಗೆ ಹಾಕಿಕೊಳ್ಳುತ್ತಾಳೆ. ಆ ಪುಸ್ತಕ ಬಂದದ್ದು 1950ರಲ್ಲಿ. ಬ್ರಿಟನ್ನಿನಲ್ಲಿ ಆಗ ಮಿಠಾಯಿಗೂ ರೇಷನ್ ಇತ್ತು, ಅದು ತೆಗೆದದ್ದು 1953ರಲ್ಲಿ. ಸಿಹಿ ಕಾಣದ ಹುಡುಗ ಅದಕ್ಕಾಗಿ ಒಡಹುಟ್ಟಿದವರನ್ನೇ ಬಿಟ್ಟುಕೊಡಲು ಹೊರಟದ್ದು ಆಗಿನ ಓದುಗರಿಗೆ ಚೆನ್ನಾಗಿ ಅರ್ಥವಾಗಿರಬೇಕು. ನಮ್ಮ ಬಾಂಬೆ ಹಲ್ವಾ ಅದರ ಹತ್ತಿರದ ನೆಂಟ. ಅರ್ಧ ಕಪ್ ಕಾರ್ನ್‌ಫ್ಲೋರ್, ಒಂದೂಕಾಲು ಕಪ್ ಸಕ್ಕರೆ, ಎರಡೂವರೆ ಕಪ್ ನೀರು, ಅರ್ಧ ನಿಂಬೆ, ಮೂರು ದೊಡ್ಡ ಚಮಚ ತುಪ್ಪ. ಗಾಜಿನಂತೆ ಹೊಳೆಯುವ ತನಕ ಕೈಯಾಡಿಸಿ. ಇಳಿಸಿದ ಮೇಲೆ ಗುಲಾಬಿ ನೀರು. ಆರಿದ ಮೇಲೆ ಚೌಕ ಕತ್ತರಿಸಿ ಸಕ್ಕರೆ ಪುಡಿಯಲ್ಲಿ ಹೊರಳಿಸಿ. ಗುಲಾಬಿ ನೀರು ದರ್ಗಾ ಸುತ್ತಲಿನ ಅಂಗಡಿಗಳಲ್ಲಿ ಸಿಗುತ್ತದೆ, ಅಡುಗೆಯದೇ ಅಂತ ಕೇಳಿ ತನ್ನಿ. ಅತ್ತರು ಹಚ್ಚಿಕೊಳ್ಳಲು ಮಾತ್ರ.

ಮಾಯಾ ಮಂತ್ರದ ಕಥೆ ಅಂತ ಹೊಗೆ ಬರಿಸಲು ಡ್ರೈ ಐಸ್ ತರಬೇಡಿ. ಅದು ಸೊನ್ನೆಗಿಂತ 78 ಡಿಗ್ರಿ ಕೆಳಗಿನ ವಸ್ತು. ಒಂದು ಚೂರು ನುಂಗಿದರೂ ಒಳಗೆಲ್ಲ ಸುಟ್ಟಂತೆ. ಬೆರಗೇ ಬೇಕಾದರೆ ಕಾಂಪೌಂಡಿನ ಬೇಲಿಯಲ್ಲಿರುವ ನೀಲಿ ಶಂಖಪುಷ್ಪವನ್ನು ಬಿಸಿನೀರಿಗೆ ಹಾಕಿ. ನೀರು ಕಡುನೀಲಿಯಾಗುತ್ತದೆ. ಕಣ್ಣೆದುರೇ ನಿಂಬೆ ಹಿಂಡಿದರೆ ನೇರಳೆ.

ಇನ್ನು ಸೆಕೆಯ ಲೆಕ್ಕ. ಏಪ್ರಿಲ್‌ನಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುತ್ತದೆ, ಮಾಳಿಗೆಯ ಕಾಂಕ್ರೀಟು ರಾತ್ರಿ ಒಂಬತ್ತಕ್ಕೂ ಕಾವು ಉಗುಳುತ್ತಿರುತ್ತದೆ. ಸಂಜೆ ಐದಕ್ಕೇ ನೀರು ಚೆಲ್ಲಿ. ಫ್ರಿಜ್‌ನ ಸಣ್ಣ ಐಸ್ ಟ್ರೇ ಸಾಲುವುದಿಲ್ಲ. ಹಿಂದಿನ ದಿನವೇ ಸ್ಟೀಲ್ ಡಬ್ಬಿಗಳಲ್ಲಿ ದೊಡ್ಡ ಗಡ್ಡೆ ಕಟ್ಟಿಸಿಡಿ, ದೊಡ್ಡದು ನಿಧಾನ ಕರಗುತ್ತದೆ. ಹೊರಗಿನಿಂದ ತರುವ ಐಸ್ ಗಡ್ಡೆ ಬಕೆಟ್‌ಗೆ ಹಾಕಿ ಬಾಟಲಿ ತಣ್ಣಗಿಡಲು ಇರಲಿ, ಗ್ಲಾಸಿಗೆ ಬೇಡ. ವೆಸ್ಪರ್ ಮಾಡುವುದಾದರೆ ಆರು ಗ್ಲಾಸಿಗೆ ಒಟ್ಟಿಗೆ ಬೆರೆಸಿ, ಅದರ ಕಾಲು ಭಾಗ ನೀರು ಸೇರಿಸಿ ಎರಡು ತಾಸು ಫ್ರೀಜರ್‌ನಲ್ಲಿಡಿ. ಕುಲುಕುವಾಗ ಐಸ್ ಕರಗಿ ಸೇರುವ ನೀರು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಪ್ರತಿ ಮೂಲೆಯಲ್ಲೂ ಕುಡಿಯುವ ನೀರಿನ ಜಗ್ ಇರಲಿ.

ಎಲ್ಲವನ್ನೂ ಒಂದೇ ಸಂಜೆ ಮಾಡಲು ಹೋಗಬೇಡಿ. ಮದ್ಯದ್ದು ಎರಡೇ ಸಾಕು. ನಾನಾದರೆ ಮೊದಲು ರಿಕಿ, ಆಮೇಲೆ ಬಾಳೆ ಮತ್ತು ರಮ್ ಇಡುತ್ತೇನೆ. ಕುಡಿಯುವವರು ಆರು ಜನ ಅಂದುಕೊಂಡರೆ ರಿಕಿಗೆ 360 ಮಿಲಿ ಜಿನ್, ಅಂದರೆ ಒಂದು ಹಾಫ್ ಬಾಟಲಿ. ಬಾಳೆಗೆ 180 ಮಿಲಿ ರಮ್, ಒಂದು ಕ್ವಾರ್ಟರ್. ಅಷ್ಟು ಮುಗಿದರೆ ಮುಗಿಯಿತು, ಮತ್ತೆ ತರಿಸಬೇಡಿ. 21 ತುಂಬದವರಿಗೆ ಕೊಡಬೇಡಿ. ಖರ್ಚು ಸರಿದೂಗಿಸಲು ಟಿಕೆಟ್ ಇಡುವ ಯೋಚನೆ ಇದ್ದರೆ ಅದನ್ನು ಬಿಡಿ. ದುಡ್ಡು ಪಡೆದು ಮದ್ಯ ಕೊಟ್ಟರೆ ಅದು ಮಾರಾಟ, ಅಬಕಾರಿ ಇಲಾಖೆಯ ತಾತ್ಕಾಲಿಕ ಪರವಾನಗಿ ಬೇಕಾಗುತ್ತದೆ. ಊಟದ ಸಾಮಾನನ್ನು ಒಬ್ಬೊಬ್ಬರು ಒಂದೊಂದು ತಂದರೆ ಖರ್ಚು ತಾನಾಗೇ ಹಂಚಿಹೋಗುತ್ತದೆ. ಪ್ರತಿ ತಿನಿಸಿನ ಪಕ್ಕ ಒಂದು ಚೀಟಿ ಇಡಿ: ಯಾವ ಪುಸ್ತಕ, ಯಾವ ಪುಟ, ಮದ್ಯ ಇದೆಯೋ ಇಲ್ಲವೋ, ಶೇಂಗಾ ಅಥವಾ ಹಾಲು ಇದೆಯೋ. ವಾಪಸ್ ಹೋಗಲು ಆಟೊದವರಿಗೆ ಮೊದಲೇ ಹೇಳಿಡಿ. ಕುಡಿದವರ ಗಾಡಿ ಕೀಲಿ ಬೆಳಗಿನ ತನಕ ನಿಮ್ಮ ಹತ್ತಿರವೇ ಇರಲಿ.